ಎಡಿಟಿಂಗ್ ಕಂಪ್ಯೂಟರ್‌ಗೆ ಪ್ರೊಸೆಸರ್ ಆರಿಸುವುದು ಹೇಗೆ? ಅಂಗಡಿಗೆ ಹೋಗುವ ಮೊದಲು ಇಷ್ಟು ಮಾಡಿ

ಯುಗಾದಿ ಮುಗಿದು ಮದುವೆ ಸೀಸನ್ ಶುರುವಾಗುವ ಹೊತ್ತಿಗೆ ನನಗೆ ಒಂದೇ ತರಹದ ಫೋನ್‌ಗಳು ಬರುತ್ತವೆ. ಮೊನ್ನೆ ಗದಗಿನಿಂದ ಒಬ್ಬ ಹುಡುಗ ಮಾಡಿದ್ದ. "ಅಣ್ಣಾ, ಐ9 ತಗೊಂಡ್ರ ಹೆಂಗ?" ಅಂದ. "ಕ್ಯಾಮೆರಾ ಯಾವುದೈತಿ?" ಅಂತ ಕೇಳಿದೆ. "ಕ್ಯಾಮೆರಾ ಅಲ್ಲಣ್ಣಾ, ನಾ ಪ್ರೊಸೆಸರ್ ಕೇಳಾಕತ್ತೀನಿ" ಅಂತ ನಕ್ಕ. ಕ್ಯಾಮೆರಾಕ್ಕೂ ಪ್ರೊಸೆಸರ್‌ಗೂ ಏನು ಸಂಬಂಧ ಅನ್ನೋದು ಅವನ ಲೆಕ್ಕ. ನನಗೂ ಮೊದಲು ಗೊತ್ತಿರಲಿಲ್ಲ. ಗೊತ್ತಾಗಿದ್ದು ರೊಕ್ಕ ಕಳೆದುಕೊಂಡ ಮೇಲೆ.

ನಾನು ಹುಬ್ಬಳ್ಳಿಯಲ್ಲಿ ಮದುವೆ ವಿಡಿಯೊ ಮಿಕ್ಸಿಂಗ್ ಮಾಡುತ್ತೇನೆ, ಜೊತೆಗೆ ಆಲ್ಬಂ ಡಿಸೈನ್. ಕೆಲವು ವರ್ಷದ ಹಿಂದೆ ಹೊಸ ಸಿಸ್ಟಂ ಕಟ್ಟಿಸುವಾಗ ಅಂಗಡಿಯವರು ಇಂಟೆಲ್ ಕಂಪನಿಯ ಕೋರ್ ಐ5-12400ಎಫ್ ಪ್ರೊಸೆಸರ್ ತೋರಿಸಿದರು. ಕೊನೆಯ ಆ "ಎಫ್" ಏನು ಅಂತ ಕೇಳಿದೆ. "ಏನೂ ಇಲ್ರೀ ಸರ್, ಒಳಗ ಗ್ರಾಫಿಕ್ಸ್ ಇರೂದಿಲ್ಲ ಅಷ್ಟ. ನೀವು ಹೆಂಗೂ ಕಾರ್ಡ್ ಹಾಕಸ್ತೀರಿ, ಸುಮ್ನ ಯಾಕ ಜಾಸ್ತಿ ರೊಕ್ಕ ಕೊಡ್ತೀರಿ?" ಅಂದರು. ಸರಿ ಅನ್ನಿಸಿತು. ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಮನೆಗೆ ತಂದೆ.

ಅದೇ ತಿಂಗಳು ಹೊಸ ಕ್ಯಾಮೆರಾದಲ್ಲಿ ತೆಗೆದ ಮದುವೆ ಬಂತು. ಟೈಮ್‌ಲೈನ್‌ಗೆ ಹಾಕಿ ಅಕ್ಕಿಕಾಳು ಬೀಳುವ ಹೊತ್ತಿಗೆ ಬಂದರೆ, ವಾದ್ಯ ಗಟ್ಟಿಯಾಗಿ ಕೇಳುತ್ತಿದೆ, ಚಿತ್ರ ಮಾತ್ರ ನಿಂತಿದೆ. ಅಕ್ಕಿಕಾಳು ಗಾಳಿಯಲ್ಲೇ ತೂಗಾಡುತ್ತಿವೆ. ಮೂರು ಸೆಕೆಂಡ್ ಆದ ಮೇಲೆ ಒಮ್ಮೆಲೇ ಜಿಗಿದು ಮುಂದಿನ ಶಾಟ್‌ಗೆ ಹೋಗುತ್ತದೆ. ಹೊಸ ಸಿಸ್ಟಂ, ಹೊಸ ಕಾರ್ಡ್, ಆದರೂ ಹಿಂಗೆ. ವಾರಗಟ್ಟಲೆ ತಲೆಕೆಡಿಸಿಕೊಂಡ ಮೇಲೆ ತಿಳಿದದ್ದು: ಆ ಕ್ಯಾಮೆರಾದ ಫೈಲನ್ನು ಬಿಡಿಸಿ ಓದುವ ಭಾಗ ಎಫ್ ಇಲ್ಲದ 12400ರ ಒಳಗಿನ ಗ್ರಾಫಿಕ್ಸ್‌ನಲ್ಲಿ ಇತ್ತು. ನನ್ನ ದುಬಾರಿ ಕಾರ್ಡ್‌ನಲ್ಲಿ ಇರಲಿಲ್ಲ. ಸ್ವಲ್ಪ ರೊಕ್ಕ ಉಳಿಸಲು ಹೋಗಿ ಬೇಕಾದದ್ದನ್ನೇ ಬಿಟ್ಟು ಬಂದಿದ್ದೆ.

ಹಾಗಾಗಿ ನನ್ನ ಕ್ರಮ ಈಗ ತಿರುಗುಮುರುಗು. ಮೊದಲು ನಿಮ್ಮ ಫೈಲ್, ಆಮೇಲೆ ನಿಮ್ಮ ಸಾಫ್ಟ್‌ವೇರ್, ಎಲ್ಲಕ್ಕಿಂತ ಕೊನೆಗೆ ಪ್ರೊಸೆಸರ್ ಹೆಸರು.

ಹೆಜ್ಜೆ 1: ಕಾಯುವ ಹೊತ್ತು ಎರಡು ತರಹ, ಅದನ್ನು ಬೇರೆ ಮಾಡಿ

ಒಂದು ವಾರ ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು, ಎಲ್ಲಿ ಕಂಪ್ಯೂಟರ್‌ಗಾಗಿ ಕಾದಿರಿ ಅಂತ ಬರೆಯಿರಿ. ದೊಡ್ಡ ಲೆಕ್ಕ ಬೇಡ, "ಕಟಿಂಗ್ 3 ತಾಸು, ಆಲ್ಬಂ 2 ತಾಸು, ಎಕ್ಸ್‌ಪೋರ್ಟ್ 1 ತಾಸು" ಅನ್ನುವಷ್ಟು ಸಾಕು.

ಕಾಯುವುದರಲ್ಲಿ ಎರಡು ತರಹ ಇದೆ. ಒಂದು, ಕೈ ಮೌಸ್ ಮೇಲೆ ಇರುವಾಗ ಕಾಯುವುದು. ಟೈಮ್‌ಲೈನ್ ಎಳೆದರೆ ಬರುವುದಿಲ್ಲ, ಬ್ರಷ್ ಹಿಂದೆ ಬೀಳುತ್ತದೆ, ಎಫೆಕ್ಟ್ ಹಾಕಿದ ಮೇಲೆ ತಿರುಗುವ ಚಕ್ರ ನೋಡುತ್ತಾ ಕೂರುವುದು. ಇನ್ನೊಂದು, ಬಟನ್ ಒತ್ತಿ ಎದ್ದು ಹೋಗುವ ಕಾಯುವಿಕೆ, ಅಂದರೆ ಮುಗಿದ ವಿಡಿಯೊವನ್ನು ಫೈಲ್ ಮಾಡಿ ಹೊರತೆಗೆಯುವ ಎಕ್ಸ್‌ಪೋರ್ಟ್. ಜನ ಯಾವಾಗಲೂ ಎರಡನೆಯದನ್ನೇ ಅಳೆಯುತ್ತಾರೆ. "ಅವನ ಸಿಸ್ಟಂನಲ್ಲಿ 12 ನಿಮಿಷ, ನಂದು 20" ಅಂತ. ರಾತ್ರಿ ಎಕ್ಸ್‌ಪೋರ್ಟ್‌ಗೆ ಹಾಕಿ ಮಲಗುವವನಿಗೆ ಆ 8 ನಿಮಿಷ ಯಾತಕ್ಕೂ ಬರುವುದಿಲ್ಲ. ಕಟಿಂಗ್ ಮಾಡುವಾಗ ಪ್ರತಿ ಶಾಟ್‌ಗೆ ಎರಡು ಸೆಕೆಂಡ್ ಹೋದರೆ ಮಾತ್ರ ದಿನವೇ ಹೋಗುತ್ತದೆ. ದಿನಕ್ಕೆ ಹತ್ತು ಹಾಡು ಎಕ್ಸ್‌ಪೋರ್ಟ್ ಮಾಡಿ ಗಿರಾಕಿ ಎದುರಿಗೇ ಕೊಡುವವರ ಮಾತು ಬೇರೆ, ಅವರಿಗೆ ಎಕ್ಸ್‌ಪೋರ್ಟ್ ಹೊತ್ತೂ ಮುಖ್ಯ.

ಹೆಜ್ಜೆ 2: ಫೈಲ್ ಒಳಗೆ ಏನಿದೆ ನೋಡಿ

ಇದೇ ಎಲ್ಲರೂ ಬಿಟ್ಟುಬಿಡುವ ಹೆಜ್ಜೆ. ಮೀಡಿಯಾಇನ್ಫೊ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ನಿಮ್ಮ ಕ್ಯಾಮೆರಾದ ಒಂದು ಕ್ಲಿಪ್ ಅದರಲ್ಲಿ ತೆರೆಯಿರಿ. ಮೂರು ವಿಷಯ ಬರೆದುಕೊಳ್ಳಿ: ಕೋಡೆಕ್ (ವಿಡಿಯೊ ಕುಗ್ಗಿಸುವ ವಿಧಾನ) ಎಚ್.264 ಇದೆಯೋ ಎಚ್.265 ಇದೆಯೋ (ಅದರಲ್ಲಿ ಎವಿಸಿ, ಎಚ್‌ಇವಿಸಿ ಅಂತ ಕಾಣುತ್ತದೆ), 8 ಬಿಟ್ಟೋ 10 ಬಿಟ್ಟೋ (ಬಿಟ್ ಹೆಚ್ಚಿದಷ್ಟೂ ಬಣ್ಣದ ಛಾಯೆ ಹೆಚ್ಚು), ಮತ್ತು ಕ್ರೋಮಾ (ಬಣ್ಣದ ವಿವರ ಎಷ್ಟು ಉಳಿಸಿದೆ ಅನ್ನುವ ಲೆಕ್ಕ) 4:2:0 ಇದೆಯೋ 4:2:2 ಇದೆಯೋ.

ಕ್ಯಾಮೆರಾ ವಿಡಿಯೊವನ್ನು ಗಂಟು ಕಟ್ಟಿ ಕೊಡುತ್ತದೆ. ಎಡಿಟ್ ಮಾಡುವಾಗ ಪ್ರತಿ ಫ್ರೇಮನ್ನೂ ಬಿಚ್ಚಬೇಕು. ಬಿಚ್ಚಲೆಂದೇ ಗ್ರಾಫಿಕ್ಸ್ ಚಿಪ್‌ನಲ್ಲಿ ಒಂದು ಪ್ರತ್ಯೇಕ ಭಾಗ ಇರುತ್ತದೆ. ಇಂಟೆಲ್ ತನ್ನದಕ್ಕೆ 2011ರಿಂದ ಕ್ವಿಕ್ ಸಿಂಕ್ ಅಂತ ಹೆಸರಿಟ್ಟಿದೆ. ಆ ಭಾಗಕ್ಕೆ ನಿಮ್ಮ ಗಂಟು ಬಿಚ್ಚಲು ಬಂದರೆ ಟೈಮ್‌ಲೈನ್ ಬೆಣ್ಣೆಯ ಹಾಗೆ ಹೋಗುತ್ತದೆ. ಬರದಿದ್ದರೆ ಅಷ್ಟೂ ಭಾರ ಪ್ರೊಸೆಸರ್ ತಲೆ ಮೇಲೆ.

ಎಚ್.264, 8 ಬಿಟ್, 4:2:0 ಇದ್ದರೆ ಚಿಂತೆ ಬಿಡಿ. ಸೋನಿ ಎ7-3 ಕ್ಯಾಮೆರಾ ಹೀಗೇ ಕೊಡುತ್ತದೆ. ಹತ್ತು ವರ್ಷದಿಂದ ಈಚಿನ ಯಾವ ಗ್ರಾಫಿಕ್ಸ್ ಆದರೂ ಇದನ್ನು ಬಿಚ್ಚುತ್ತದೆ. ಮೊಬೈಲ್‌ನ ಎಚ್.265 ಸಾಮಾನ್ಯವಾಗಿ 4:2:0, ಅದೂ ಈಗಿನ ಯಾವುದೇ ಸಿಸ್ಟಂನಲ್ಲಿ ಓಡುತ್ತದೆ.

ತೊಂದರೆ ಇರುವುದು 10 ಬಿಟ್ 4:2:2ರಲ್ಲಿ. ಕ್ಯಾನನ್ ಆರ್6ನಲ್ಲಿ ಸಿ-ಲಾಗ್ (ಆಮೇಲೆ ಬಣ್ಣ ತಿದ್ದಲೆಂದು ಮಂಕಾಗಿ ತೆಗೆಯುವ ಸೆಟ್ಟಿಂಗ್) ಹಾಕಿದರೆ ಎಚ್.265 4:2:2 ಬರುತ್ತದೆ. ಸೋನಿ ಎ7-4ನಲ್ಲೂ ಆ ಆಯ್ಕೆ ಇದೆ. ಇದನ್ನು ಇಂಟೆಲ್‌ನ 11ನೇ ತಲೆಮಾರಿನಿಂದ (12400 ಅಂದರೆ 12ನೇ ತಲೆಮಾರು) ಈಚೆಗಿನ ಒಳ ಗ್ರಾಫಿಕ್ಸ್ ಬಿಚ್ಚುತ್ತದೆ. ಗ್ರಾಫಿಕ್ಸ್ ಕಾರ್ಡ್ ಮಾಡುವ ಎನ್ವಿಡಿಯಾದಲ್ಲಿ ಆರ್‌ಟಿಎಕ್ಸ್ 20, 30, 40 ಸರಣಿಯ ಯಾವ ಕಾರ್ಡೂ ಬಿಚ್ಚುವುದಿಲ್ಲ, ಎಷ್ಟೇ ದುಬಾರಿ ಇರಲಿ. 2025ರಲ್ಲಿ ಬಂದ 50 ಸರಣಿಗೆ ಮಾತ್ರ ಅದು ಬಂದಿದೆ.

ಇನ್ನೊಂದು ಸಣ್ಣ ಸಿಕ್ಕು ಇದೆ. ಸೋನಿಯ ಎಕ್ಸ್‌ಎವಿಸಿ ಎಸ್ ಅಂದರೆ ಎಚ್.264, ಎಕ್ಸ್‌ಎವಿಸಿ ಎಚ್‌ಎಸ್ ಅಂದರೆ ಎಚ್.265. ಇಂಟೆಲ್ 11ರಿಂದ 14ನೇ ತಲೆಮಾರು ಎಚ್.265ರ 4:2:2 ಬಿಚ್ಚುತ್ತವೆ, ಎಚ್.264ರ 4:2:2 ಬಿಚ್ಚುವುದಿಲ್ಲ. ಅಂದರೆ ಕ್ಯಾಮೆರಾ ಮೆನುವಿನಲ್ಲಿ ಒಂದು ಸಾಲು ಮೇಲೆ ಕೆಳಗೆ ಆದರೂ ನಿಮ್ಮ ಸಿಸ್ಟಂ ಹಾರುತ್ತದೆ ಇಲ್ಲವೇ ತೆವಳುತ್ತದೆ. ಎಷ್ಟೋ ಸಲ ಹೊಸ ಪ್ರೊಸೆಸರ್ ಬೇಕಿಲ್ಲ, ಕ್ಯಾಮೆರಾಮನ್‌ಗೆ "4:2:0 ಇಡಪ್ಪಾ" ಅಂತ ಹೇಳಿದರೆ ಸಾಕು. ಮದುವೆ ಮಂಟಪದ ವಿಡಿಯೊಗೆ 4:2:2 ಬೇಕೇ ಬೇಕು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಗ್ರೀನ್ ಸ್ಕ್ರೀನ್ ಮಾಡುವವರಿಗೆ, ಬಣ್ಣ ತುಂಬಾ ಎಳೆದಾಡುವವರಿಗೆ ಬೇಕು.

ಹೆಜ್ಜೆ 3: ಈಗಿನ ಕಂಪ್ಯೂಟರ್ ಎಲ್ಲಿ ಮುಗ್ಗರಿಸುತ್ತದೆ?

ನಿಮ್ಮ ಭಾರವಾದ ಪ್ರಾಜೆಕ್ಟ್ ತೆರೆಯಿರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗಿ. ಸಿಪಿಯು (ಅಂದರೆ ಪ್ರೊಸೆಸರ್) ಗ್ರಾಫ್ ಮೇಲೆ ಬಲ ಕ್ಲಿಕ್ ಮಾಡಿ, ಲಾಜಿಕಲ್ ಪ್ರೊಸೆಸರ್ಸ್ ಆರಿಸಿ. ಒಂದು ಗ್ರಾಫ್ ಹೋಗಿ ಎಂಟೋ ಹನ್ನೆರಡೋ ಸಣ್ಣ ಗ್ರಾಫ್ ಬರುತ್ತವೆ. ಈಗ ನಿಮಗೆ ತೊಂದರೆ ಕೊಡುವ ಕೆಲಸವನ್ನೇ ಮಾಡಿ, ಕಣ್ಣು ಇಲ್ಲಿಡಿ.

ಎಲ್ಲ ಡಬ್ಬಿಗಳೂ ಮೇಲಿನವರೆಗೆ ತುಂಬಿದರೆ ಪ್ರೊಸೆಸರ್ ನಿಜವಾಗಿಯೂ ದಣಿದಿದೆ. ಹೆಚ್ಚು ಕೋರ್ (ಪ್ರೊಸೆಸರ್ ಒಳಗೆ ದುಡಿಯುವ ಭಾಗಗಳು) ಬೇಕು, ಇಲ್ಲವೇ ಗಂಟು ಬಿಚ್ಚುವ ಗ್ರಾಫಿಕ್ಸ್ ಬೇಕು. ಒಂದೆರಡು ಡಬ್ಬಿ ಮಾತ್ರ ತುಂಬಿ ಉಳಿದವು ಸುಮ್ಮನಿದ್ದರೆ ಕೋರ್ ಜಾಸ್ತಿ ಮಾಡಿ ಪ್ರಯೋಜನವಿಲ್ಲ, ಒಂದೊಂದು ಕೋರಿನ ವೇಗ ಬೇಕು. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. 12 ಥ್ರೆಡ್, ಅಂದರೆ 12 ಸಣ್ಣ ಗ್ರಾಫ್ ಇರುವ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಪೂರ್ತಿ ತುಂಬಿದರೂ ಒಟ್ಟು ಲೆಕ್ಕದಲ್ಲಿ ಸುಮಾರು 8 ಪರ್ಸೆಂಟ್ ಅಷ್ಟೇ ತೋರಿಸುತ್ತದೆ. "ಸಿಪಿಯು 8 ಪರ್ಸೆಂಟ್ ಐತಿ, ಆದ್ರೂ ಹ್ಯಾಂಗ್ ಆಗತೈತಿ" ಅನ್ನುವ ದೂರಿನ ಗುಟ್ಟು ಇದು.

ಮೆಮೊರಿ 90 ಪರ್ಸೆಂಟ್ ದಾಟಿದ್ದರೆ ಬೇಕಾದದ್ದು ರ‍್ಯಾಮ್. ಡಿಸ್ಕ್ 100ಕ್ಕೆ ಅಂಟಿಕೊಂಡಿದ್ದರೆ ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್, ಅಂದರೆ ಎಸ್‌ಎಸ್‌ಡಿ. ಜಿಪಿಯು (ಗ್ರಾಫಿಕ್ಸ್) ಪುಟದಲ್ಲಿ ವಿಡಿಯೊ ಡಿಕೋಡ್ ಅನ್ನುವ ಗ್ರಾಫ್ ಇದೆ. ವಿಡಿಯೊ ಓಡುವಾಗ ಅದು ಸೊನ್ನೆಯಲ್ಲೇ ಮಲಗಿದ್ದರೆ ನಿಮ್ಮ ಫೈಲನ್ನು ಗ್ರಾಫಿಕ್ಸ್ ಬಿಚ್ಚುತ್ತಿಲ್ಲ ಅಂತ ಅರ್ಥ.

ಗದಗಿನ ಹುಡುಗನಿಗೂ ಇದನ್ನೇ ಮಾಡಿಸಿದೆ. ಎರಡು ಸ್ಕ್ರೀನ್‌ಶಾಟ್ ಕಳಿಸಿದ. ಫೈಲ್ 8 ಬಿಟ್ 4:2:0. ಸಿಪಿಯು 30ರ ಆಸುಪಾಸು. ಮೆಮೊರಿ 16ರಲ್ಲಿ 15 ಜಿಬಿ ತುಂಬಿದೆ, ಫೂಟೇಜ್ ಇಟ್ಟಿದ್ದು ಹಳೇ ಹಾರ್ಡ್ ಡಿಸ್ಕ್‌ನಲ್ಲಿ, ಅದು 100. ಎರಡು ಕ್ಯಾಮೆರಾ 4ಕೆ ಓಡಿಸುತ್ತಿದ್ದ. 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ಒಂದು ತಾಸಿನ 4ಕೆ ವಿಡಿಯೊ ಅಂದರೆ 45 ಜಿಬಿ. ಅಷ್ಟನ್ನು ತಿರುಗುವ ತಟ್ಟೆಯಿಂದ ಎರಡೂ ಕಡೆ ಒಟ್ಟಿಗೆ ಎಳೆದರೆ ಅದೇನು ಮಾಡಬೇಕು ಪಾಪ? ರ‍್ಯಾಮ್ ಒಂದು ಜೋಡಿ, ಎನ್‌ವಿಎಂಇ ಎಸ್‌ಎಸ್‌ಡಿ ಒಂದು ಹಾಕಿಸಿಕೊಂಡ. ಪ್ರೊಸೆಸರ್ ಹಳೆಯದೇ ಇದೆ.

ಹೆಜ್ಜೆ 4: ಡಬ್ಬಿ ಮೇಲಿನ ಅಂಕಿ ಓದುವುದು

ಹುಬ್ಬಳ್ಳಿಯ ಯಾವುದಾದರೂ ಖಾನಾವಳಿಯ ಅಡುಗೆಮನೆ ನೆನಪಿಸಿಕೊಳ್ಳಿ. ರೊಟ್ಟಿ ಬಡಿಯುವ ಅಕ್ಕಂದಿರು ಎಷ್ಟು ಜನ ಇದ್ದಾರೆ ಅನ್ನುವುದು ಕೋರ್. ಒಬ್ಬೊಬ್ಬರ ಕೈ ಎಷ್ಟು ಚುರುಕು ಅನ್ನುವುದು ಕ್ಲಾಕ್ ಸ್ಪೀಡ್ ಮತ್ತು ತಲೆಮಾರು. ಒಂದು ರೊಟ್ಟಿ ಹಂಚಿನ ಮೇಲೆ ಬೇಯುವಷ್ಟರಲ್ಲಿ ಅದೇ ಅಕ್ಕ ಇನ್ನೊಂದು ಬಡಿಯಲು ಶುರು ಮಾಡುತ್ತಾಳಲ್ಲ, ಅದು ಥ್ರೆಡ್. ಆರು ಕೋರ್, ಹನ್ನೆರಡು ಥ್ರೆಡ್ ಅಂದರೆ ಹನ್ನೆರಡು ಜನ ಅಲ್ಲ, ಆರು ಜನವೇ, ಕೈ ಖಾಲಿ ಬಿಡದವರು.

ಇಂಟೆಲ್‌ನಲ್ಲಿ ಪಿ-ಕೋರ್, ಇ-ಕೋರ್ ಅಂತ ಎರಡು ಇವೆ. ಪಿ-ಕೋರ್ ನುರಿತ ಅಕ್ಕ. ಇ-ಕೋರ್ ಹಿಟ್ಟು ನಾದಿ, ಉಂಡೆ ಮಾಡಿ ಕೊಡುವ ಹುಡುಗಿಯರು. ಐ5-13500ರಲ್ಲಿ 14 ಕೋರ್ ಅಂತ ಬರೆದಿರುತ್ತದೆ, ಅದರಲ್ಲಿ ಪಿ 6, ಇ 8. ಐ9-14900ಕೆ ಅಂದರೆ 24 ಕೋರ್, ಪಿ ಬರೀ 8. ನೂರು ರೊಟ್ಟಿ ಬೇಕಾದಾಗ ಎಲ್ಲರೂ ಉಪಯೋಗಕ್ಕೆ ಬರುತ್ತಾರೆ. ಒಂದೇ ರೊಟ್ಟಿ ಬೇಗ ಬೇಕಾದರೆ ಒಬ್ಬ ಚುರುಕು ಅಕ್ಕ ಮುಖ್ಯ. ಎಕ್ಸ್‌ಪೋರ್ಟ್, 3ಡಿ ರೆಂಡರ್ ಇವು ನೂರು ರೊಟ್ಟಿಯ ಕೆಲಸ. ಫೋಟೊಶಾಪ್‌ನಲ್ಲಿ ಬ್ರಷ್ ಆಡಿಸುವುದು ಒಂದು ರೊಟ್ಟಿಯ ಕೆಲಸ.

ಹೆಸರಿನ ಕೊನೆಯ ಅಕ್ಷರವನ್ನು ಬಿಡದೆ ನೋಡಿ. ಇಂಟೆಲ್‌ನಲ್ಲಿ ಎಫ್ ಇದ್ದರೆ ಒಳ ಗ್ರಾಫಿಕ್ಸ್ ಇಲ್ಲ, ಅಂದರೆ ಕ್ವಿಕ್ ಸಿಂಕ್ ಇಲ್ಲ. ಕೆ ಇದ್ದರೆ ಓವರ್‌ಕ್ಲಾಕ್ ಮಾಡಬಹುದು (ಇಟ್ಟ ಮಿತಿಗಿಂತ ವೇಗವಾಗಿ ಓಡಿಸಬಹುದು), ಬಿಸಿ ಜಾಸ್ತಿ. ಏನೂ ಇಲ್ಲದಿದ್ದರೆ ಸಾದಾ, ನನಗೆ ಇದೇ ಇಷ್ಟ. ಇಂಟೆಲ್‌ಗೆ ಎದುರಾಳಿ ಕಂಪನಿ ಎಎಂಡಿಯಲ್ಲಿ ಎಕ್ಸ್3ಡಿ ಅಂತ ಇರುವವು ಮುಖ್ಯವಾಗಿ ಆಟ ಆಡುವವರಿಗೆ. ಎಡಿಟಿಂಗ್‌ಗೆ ಅದಕ್ಕಾಗಿ ಹೆಚ್ಚು ರೊಕ್ಕ ಕೊಡಬೇಡಿ.

ಲ್ಯಾಪ್‌ಟಾಪ್‌ನವರಿಗೆ ಒಂದೇ ಮಾತು. ಐ7 ಅಂತ ಸ್ಟಿಕ್ಕರ್ ನೋಡಿ ಮರುಳಾಗಬೇಡಿ. ಐ7-1255ಯುನಲ್ಲಿ ಪಿ-ಕೋರ್ ಎರಡೇ, ಐ7-12700ಎಚ್‌ನಲ್ಲಿ ಆರು. ಎರಡೂ ಐ7, ಎರಡೂ 12ನೇ ತಲೆಮಾರು. ಎಡಿಟಿಂಗ್‌ಗೆ ಎಚ್ ಅಥವಾ ಎಚ್‌ಎಕ್ಸ್ ಇರುವುದನ್ನೇ ಕೇಳಿ.

ಹೆಜ್ಜೆ 5: ನಿಮ್ಮ ಕೆಲಸಕ್ಕೆ ಯಾವುದು

ಮದುವೆ ಮಿಕ್ಸಿಂಗ್: ಎಡಿಟಿಂಗ್ ಸಾಫ್ಟ್‌ವೇರ್ ಅಂದರೆ ನಮ್ಮ ಕಡೆ ಇನ್ನೂ ಬಹಳ ಜನ ಎಡಿಯಸ್‌ನಲ್ಲೇ ಮಾಡುತ್ತಾರೆ, ಉಳಿದವರು ಪ್ರೀಮಿಯರ್. ಎರಡೂ ಕ್ವಿಕ್ ಸಿಂಕನ್ನು ಚೆನ್ನಾಗಿ ದುಡಿಸಿಕೊಳ್ಳುತ್ತವೆ. ಹಾಗಾಗಿ ಇಲ್ಲಿ ನಾನು ಎಫ್ ಇಲ್ಲದ ಇಂಟೆಲ್ ಅನ್ನುತ್ತೇನೆ, ಎರಡು ಮಾತಿಲ್ಲ. ಕೈಯಲ್ಲಿ ರೊಕ್ಕ ಕಡಿಮೆ ಇದ್ದರೆ ಐ5-12400. ಸ್ವಲ್ಪ ಮುಂದೆ ಹೋಗಬಹುದಾದರೆ ಐ5-13500 ಅಥವಾ 14500. 12400ಕ್ಕೂ ಇವಕ್ಕೂ ನಡುವಿನ ವ್ಯತ್ಯಾಸ ಬರೀ ಕೋರ್ ಅಲ್ಲ. 12400, 13400ರಲ್ಲಿ ಇರುವುದು ಯುಎಚ್‌ಡಿ 730, ಅದರಲ್ಲಿ ಗಂಟು ಬಿಚ್ಚುವ ಯಂತ್ರ ಒಂದೇ. 13500ರಲ್ಲಿ ಯುಎಚ್‌ಡಿ 770, ಯಂತ್ರ ಎರಡು. ಅರಿಶಿನ, ರಿಸೆಪ್ಶನ್ ಅಂತ ಮೂರು ಕ್ಯಾಮೆರಾ ಒಟ್ಟಿಗೆ ಇಟ್ಟು ಮಲ್ಟಿಕ್ಯಾಮ್ ಮಾಡುವವರಿಗೆ ಇದು ನೇರವಾಗಿ ಗೊತ್ತಾಗುತ್ತದೆ. ಡಬ್ಬಿ ಮೇಲೆ ಯಾರೂ ಇದನ್ನು ದೊಡ್ಡದಾಗಿ ಬರೆಯುವುದಿಲ್ಲ. ಹೊಸದಾಗಿ ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್ ತಗೊಳ್ಳುವವರಿದ್ದರೆ ಎಫ್ ಬಗ್ಗೆ ನನ್ನ ಹಟ ಅಷ್ಟಿಲ್ಲ, ಕಾರ್ಡೇ ಆ ಕೆಲಸ ಮಾಡುತ್ತದೆ. ಆದರೂ ಕಾರ್ಡ್ ಕೆಟ್ಟ ದಿನ ಒಳ ಗ್ರಾಫಿಕ್ಸ್ ಇದ್ದರೆ ಮಾನಿಟರ್ ಆದರೂ ಹತ್ತುತ್ತದೆ, ಅಲ್ವಾ?

ಆಲ್ಬಂ ಡಿಸೈನ್: ಒಂದು ಲೆಕ್ಕ ಮಾಡೋಣ. 12ಕ್ಕೆ 36 ಇಂಚಿನ ಒಂದು ಹಾಳೆ, 300 ಡಿಪಿಐ. ಅಂದರೆ 3600 ಗುಣಿಸು 10800, ಸುಮಾರು 3 ಕೋಟಿ 89 ಲಕ್ಷ ಪಿಕ್ಸೆಲ್. ಪಿಕ್ಸೆಲ್‌ಗೆ 3 ಬೈಟ್ ಹಿಡಿದರೆ ಹಾಳೆ ತುಂಬುವ ಒಂದೇ ಲೇಯರ್ 117 ಎಂಬಿ. ಹೂವು, ಬಾರ್ಡರ್, ನೆರಳು ಅಂತ ಇಪ್ಪತ್ತು ಲೇಯರ್ ಹಾಕಿದರೆ, ಮೇಲಿಂದ ಹಿಸ್ಟರಿ (ಹಿಂದಕ್ಕೆ ಹೋಗಲು ನೆನಪಿಟ್ಟ ಹೆಜ್ಜೆಗಳು) ಸೇರಿದರೆ, ಒಂದು ಹಾಳೆಗೇ ಜಿಬಿ ಲೆಕ್ಕ. ನಾವು ಹತ್ತು ಹಾಳೆ ಒಟ್ಟಿಗೆ ತೆರೆದು ಕೂರುವವರು. ಹಾಗಾಗಿ ಇಲ್ಲಿ ಆರು ಚುರುಕು ಕೋರ್ ಧಾರಾಳ ಸಾಕು, ಉಳಿದ ರೊಕ್ಕ ರ‍್ಯಾಮ್‌ಗೆ ಹಾಕಿ. 32 ಜಿಬಿ ಕೆಳಗೆ ಹೋಗಬೇಡಿ. ಐ5-12400 ಆಗಬಹುದು, ಎಎಂಡಿಯ ರೈಜೆನ್ 5 ಆಗಬಹುದು. ಲೈಟ್‌ರೂಮ್‌ನಲ್ಲಿ ಸಾವಿರಾರು ರಾ ಫೈಲ್ ಎಕ್ಸ್‌ಪೋರ್ಟ್ ಮಾಡುವ ಅಭ್ಯಾಸ ಇದ್ದರೆ ಮಾತ್ರ ಎಂಟು ಕೋರ್ ನೋಡಿ.

ಜಾನಪದ ಹಾಡಿನ ವಿಡಿಯೊ, ಮೋಷನ್ ಗ್ರಾಫಿಕ್ಸ್: ಈ ಕೆಲಸದ ಸಾಫ್ಟ್‌ವೇರ್ ಆಫ್ಟರ್ ಎಫೆಕ್ಟ್ಸ್ ಮೊದಲು ಒಂದೇ ಕೋರ್ ನೆಚ್ಚಿಕೊಂಡಿತ್ತು. 2021ರ ಕೊನೆಯಲ್ಲಿ ಮಲ್ಟಿ-ಫ್ರೇಮ್ ರೆಂಡರಿಂಗ್ ಬಂದ ಮೇಲೆ ಹಲವು ಕೋರ್ ಬಳಸುತ್ತದೆ. ಆದರೆ ಪ್ರತಿ ಕೋರ್‌ಗೂ ಬೇರೆ ಬೇರೆ ಫ್ರೇಮ್ ಕೊಡುತ್ತದಲ್ಲ, ರ‍್ಯಾಮ್ ನೀರಿನ ಹಾಗೆ ಕುಡಿಯುತ್ತದೆ. 16 ಜಿಬಿ ರ‍್ಯಾಮ್‌ಗೆ 20 ಕೋರ್ ಪ್ರೊಸೆಸರ್ ಹಾಕುವುದು ಒಂದೇ ಹಂಚಿಗೆ ಹತ್ತು ಅಕ್ಕಂದಿರನ್ನು ಕೂರಿಸಿದ ಹಾಗೆ. ಕೋರ್ ಅಲ್ಟ್ರಾ 7 265ಕೆ ಅಥವಾ ರೈಜೆನ್ 9 9900ಎಕ್ಸ್ ತರಹದ್ದು, ಜೊತೆಗೆ 64 ಜಿಬಿ, ಇದು ನೆಮ್ಮದಿಯ ಜೋಡಿ.

ಸಂಗೀತ ರೆಕಾರ್ಡಿಂಗ್: ಧಾರವಾಡದಲ್ಲಿ ಮನೆಯಲ್ಲೇ ಸಣ್ಣ ಸ್ಟುಡಿಯೊ ಮಾಡಿಕೊಂಡವರು ಬಹಳ. ಇಲ್ಲಿ ಬೇಕಾದದ್ದು ಬರೀ ವೇಗ ಅಲ್ಲ, ಹೊತ್ತಿಗೆ ಸರಿಯಾಗಿ ಉತ್ತರ. ಹಾಡುವವರು ಹೆಡ್‌ಫೋನ್‌ನಲ್ಲಿ ತಮ್ಮ ದನಿಯನ್ನು ಕೇಳುತ್ತಾ ಹಾಡುತ್ತಾರೆ. 48 ಕಿಲೋಹರ್ಟ್ಸ್‌ನಲ್ಲಿ ಬಫರ್ (ದನಿಯನ್ನು ಒಮ್ಮೆಗೆ ಎಷ್ಟು ಹಿಡಿದಿಟ್ಟು ಕಳಿಸಬೇಕು ಅನ್ನುವ ಅಳತೆ) 512 ಇಟ್ಟರೆ ಅದೊಂದರಿಂದಲೇ 10.7 ಮಿಲಿಸೆಕೆಂಡ್ ತಡ, 128 ಇಟ್ಟರೆ 2.7. ತಾನಿನ ಓಟದಲ್ಲಿ ಆ ತಡ ಗಾಯಕರಿಗೆ ತಕ್ಷಣ ಕಿರಿಕಿರಿಯಾಗುತ್ತದೆ. ಬಫರ್ ಸಣ್ಣದಿಟ್ಟೂ ಚಟಪಟ ಸದ್ದು ಬರಬಾರದು ಅಂದರೆ ಒಂದೊಂದು ಕೋರ್ ಗಟ್ಟಿ ಇರಬೇಕು. ಜೊತೆಗೆ ಫ್ಯಾನ್ ಸದ್ದು ಮೈಕಿಗೆ ಬೀಳಬಾರದು. 65 ವ್ಯಾಟ್‌ನ ರೈಜೆನ್ 7 7700 ಅಥವಾ 9700ಎಕ್ಸ್ ಇಲ್ಲಿ ಚೆಂದ. ಬಿಸಿ ಕಡಿಮೆ, ಸದ್ದು ಕಡಿಮೆ.

ಮೊಬೈಲ್‌ನಲ್ಲಿ ಶೂಟ್ ಮಾಡಿ ಅಡುಗೆ, ಹಾಸ್ಯ, ಕೃಷಿ ಅಂತ ಯೂಟ್ಯೂಬ್‌ಗೆ ಹಾಕುವವರಿಗೆ ಐ3-12100 ಕೂಡ ಸಾಕು. ನಾಲ್ಕೇ ಕೋರ್, ಆದರೂ ಅದರ ಒಳ ಗ್ರಾಫಿಕ್ಸ್ ಗಂಟು ಬಿಚ್ಚುವುದರಲ್ಲಿ 12400ಕ್ಕೆ ಕಡಿಮೆ ಇಲ್ಲ. ಉಳಿದ ರೊಕ್ಕದಲ್ಲಿ ಒಳ್ಳೆ ಮೈಕ್ ತಗೊಳ್ಳಿ. ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲಿ 3ಡಿ ಮಾಡುವವರು ಮೊದಲು ಗ್ರಾಫಿಕ್ಸ್ ಕಾರ್ಡ್‌ಗೆ ಖರ್ಚು ಮಾಡಿ, ಉಳಿದದ್ದರಲ್ಲಿ ಪ್ರೊಸೆಸರ್.

ಹೆಜ್ಜೆ 6: ಇಂಟೆಲ್ಲೋ ಎಎಂಡಿಯೋ, ಮತ್ತು ಸಾಕೆಟ್

ಇದು ಚಹಾದಂಗಡಿ ಜಗಳ, ಮುಗಿಯುವುದಿಲ್ಲ. ನನ್ನ ಲೆಕ್ಕ ಇಷ್ಟೇ: ಎಚ್.265 4:2:2 ಜಾಸ್ತಿ ಇದ್ದರೆ ಇಂಟೆಲ್. ಇಲ್ಲದಿದ್ದರೆ ಎರಡೂ ಒಂದೇ, ಮುಂದೆ ಬದಲಿಸುವ ಅನುಕೂಲ ನೋಡಿ. ಸಾಕೆಟ್ ಅಂದರೆ ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ. ಎಎಂಡಿಯ ಎಎಂ5 ಸಾಕೆಟ್ 2022ರಲ್ಲಿ ಬಂತು, 2027 ಮತ್ತು ಅದರಾಚೆಗೂ ಬೆಂಬಲ ಕೊಡುತ್ತೇವೆ ಅಂತ ಕಂಪನಿಯೇ ಹೇಳಿದೆ. ಇವತ್ತು ರೈಜೆನ್ 5 ಹಾಕಿ, ಎರಡು ವರ್ಷ ಬಿಟ್ಟು ಅದೇ ಬೋರ್ಡ್‌ಗೆ 16 ಕೋರ್ ಹಾಕಬಹುದು. ಇಂಟೆಲ್‌ನ ಎಲ್‌ಜಿಎ 1700ಗೆ 12, 13, 14ನೇ ತಲೆಮಾರು ಕೂರುತ್ತವೆ, ಅಲ್ಲಿಗೆ ಅದು ಮುಗಿಯಿತು. ಅದರಲ್ಲಿ ಡಿಡಿಆರ್4 (ಹಿಂದಿನ ತಲೆಮಾರಿನ ಮೆಮೊರಿ) ಬೋರ್ಡ್ ಸಿಗುತ್ತದೆ ಅನ್ನುವುದು ಒಂದು ಲಾಭ, ಹಳೇ ರ‍್ಯಾಮ್ ಇದ್ದವರಿಗೆ ಉಳಿತಾಯ. ಕೋರ್ ಅಲ್ಟ್ರಾ 200 ಸರಣಿಗೆ 1851 ಸಾಕೆಟ್ ಮತ್ತು ಡಿಡಿಆರ್5 ಬೇಕೇ ಬೇಕು.

ಇಂಟೆಲ್‌ನ 13, 14ನೇ ತಲೆಮಾರಿನ ದೊಡ್ಡ ಪ್ರೊಸೆಸರ್‌ಗಳಲ್ಲಿ ಒಂದು ದೋಷ ಕಂಡಿತ್ತು. ಹೆಚ್ಚಿನ ವೋಲ್ಟೇಜ್‌ನಿಂದ ಚಿಪ್ ನಿಧಾನಕ್ಕೆ ಸವೆದು, ಕೆಲಸದ ನಡುವೆ ಕ್ರ್ಯಾಶ್ ಆಗುತ್ತಿತ್ತು. 2024ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕಂಪನಿ ಮೈಕ್ರೊಕೋಡ್ (ಚಿಪ್ ನಡೆಸುವ ಒಳ ಸೂಚನೆಗಳು) ತಿದ್ದುಪಡಿ ಕೊಟ್ಟಿತು, ಅಂಥ ಮಾಡೆಲ್‌ಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಐ7-13700, 14700, ಐ9ಗಳು, ಐ5-13600ಕೆ, 14600ಕೆ ಆ ಪಟ್ಟಿಯಲ್ಲಿವೆ. 13500 ಇಲ್ಲ. ಪಟ್ಟಿಯಲ್ಲಿರುವುದನ್ನು ಹೊಸದು ಕೊಂಡರೆ ಮೊದಲ ದಿನವೇ ಬಯೋಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಸಿ. ಸೆಕೆಂಡ್ ಹ್ಯಾಂಡ್ ಅಂತೂ ಬೇಡವೇ ಬೇಡ. ಸವೆದ ಚಿಪ್ ಅಪ್‌ಡೇಟ್‌ನಿಂದ ಸರಿಯಾಗುವುದಿಲ್ಲ.

ಹಳೆಯ ಐ7-7700 ಕಡಿಮೆಗೆ ಸಿಗುತ್ತದೆ ಅಂತ ಹೋಗುವವರೂ ಇದ್ದಾರೆ. ಅದಕ್ಕೆ ವಿಂಡೋಸ್ 11ರ ಅಧಿಕೃತ ಬೆಂಬಲ ಇಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸ ಐ3-12100 ಅದಕ್ಕಿಂತ ಮುಂದೆ ಓಡುತ್ತದೆ.

ಹೆಜ್ಜೆ 7: ನಮ್ಮ ಬಿಸಿಲು, ಧೂಳು, ಕರೆಂಟು

ವಿದೇಶದ ರಿವ್ಯೂಗಳಲ್ಲಿ ಪರೀಕ್ಷೆ ಮಾಡುವುದು ಸುಮಾರು 21 ಡಿಗ್ರಿ ತಣ್ಣನೆ ರೂಮಿನಲ್ಲಿ. ಏಪ್ರಿಲ್ ಕೊನೆಗೆ ಗದಗಿನಲ್ಲಿ, ಮೇಲ್ಮಹಡಿಯ ಶೀಟಿನ ರೂಮಿನಲ್ಲಿ 38 ಇರುತ್ತದೆ. ರೂಮು ಎಷ್ಟು ಡಿಗ್ರಿ ಏರುತ್ತದೋ ಪ್ರೊಸೆಸರ್ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಅವರ ಹತ್ತಿರ 80ರಲ್ಲಿ ನಿಲ್ಲುವುದು ನಮ್ಮಲ್ಲಿ 97. ಇಂಟೆಲ್‌ನವು 100ರ ಆಸುಪಾಸು ಮುಟ್ಟಿದರೆ ತಾವೇ ವೇಗ ಇಳಿಸಿಕೊಳ್ಳುತ್ತವೆ. ಐ9 ರೊಕ್ಕ ಕೊಟ್ಟು ಐ5 ವೇಗ ತಗೊಂಡ ಹಾಗಾಗುತ್ತದೆ. ಮದುವೆ ಸೀಸನ್ನೂ ಬೇಸಿಗೆಯೂ ಒಟ್ಟಿಗೇ ಬರುವುದು ನಮ್ಮ ಹಣೆಬರಹ.

ಆದ್ದರಿಂದ ವ್ಯಾಟ್ ನೋಡಿ. ಐ5-12400 ಜೋರಾಗಿ ಓಡುವಾಗ 117 ವ್ಯಾಟ್‌ವರೆಗೆ ಹೋಗುತ್ತದೆ, 13500 ಅಂದರೆ 154, 14900ಕೆ ಅಂದರೆ 253. ಅದರ ಮೇಲೆ ಆರ್‌ಟಿಎಕ್ಸ್ 3060ದ 170, ಮಾನಿಟರ್, ಡಿಸ್ಕ್ ಸೇರಿಸಿ. ಮನೆಯಲ್ಲಿ ಸಾಮಾನ್ಯವಾಗಿ ಇರುವ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್ ಅಷ್ಟೇ. ಎಕ್ಸ್‌ಪೋರ್ಟ್ ನಡುವೆ ಕರೆಂಟು ಹೋದರೆ ಅದು ಕುಂಯ್ ಅಂದು ಮಲಗುತ್ತದೆ. ದೊಡ್ಡ ಪ್ರೊಸೆಸರ್ ತಗೊಂಡರೆ ಯುಪಿಎಸ್ಸೂ ದೊಡ್ಡದು ಬೇಕು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಡಬ್ಬಿಯ ಜೊತೆ ಬರುವ ಕೂಲರ್ 12400ಕ್ಕೆ ಹೇಗೋ ನಡೆಯುತ್ತದೆ. ಅದರ ಮೇಲಿನದಕ್ಕೆಲ್ಲ ಪ್ರತ್ಯೇಕ ಟವರ್ ಕೂಲರ್ ಹಾಕಿಸಿ. ಧೂಳಿಗೆ ಮುಂದೆ ಜಾಲರಿ ಇರುವ ಕ್ಯಾಬಿನೆಟ್ ತಗೊಂಡು ತಿಂಗಳಿಗೊಮ್ಮೆ ಬ್ಲೋವರ್ ಹೊಡೆಯಿರಿ. ರ‍್ಯಾಮ್ ಎರಡೇ ಕಡ್ಡಿ ತಗೊಳ್ಳಿ, ಡಿಡಿಆರ್5ನಲ್ಲಿ ನಾಲ್ಕೂ ಸ್ಲಾಟ್ ತುಂಬಿದರೆ ವೇಗ ಇಳಿಯುತ್ತದೆ.

ಹೆಜ್ಜೆ 8: ಅಂಗಡಿಯಲ್ಲಿ

ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಕ್ಯಾಮೆರಾದ ನಾಲ್ಕು ಕ್ಲಿಪ್ ಹಾಕಿಕೊಂಡು ಹೋಗಿ. ಎಷ್ಟೋ ಅಂಗಡಿಯವರು ಕಟ್ಟಿದ ಸಿಸ್ಟಂನಲ್ಲಿ ಓಡಿಸಿ ತೋರಿಸಲು ಬೇಡ ಅನ್ನುವುದಿಲ್ಲ. ಕೊಟೇಶನ್‌ನಲ್ಲಿ ಬರೀ "ಐ5 13ನೇ ಜನರೇಶನ್" ಅಂತ ಬರೆದಿದ್ದರೆ ಒಪ್ಪಬೇಡಿ. ಪೂರ್ತಿ ಅಂಕಿ, ಕೊನೆಯ ಅಕ್ಷರದ ಸಮೇತ ಬರೆಯಿಸಿ. "13500, ಎಫ್ ಇರಬಾರ್ದು" ಅಂತ ಬಾಯಿಬಿಟ್ಟು ಹೇಳಿ. ಸೀಲ್ ಇರುವ ಡಬ್ಬಿಯನ್ನು ನಿಮ್ಮ ಮುಂದೆಯೇ ಬಿಚ್ಚಲಿ. ಡಬ್ಬಿ ಇಲ್ಲದ ಟ್ರೇ ಪ್ರೊಸೆಸರ್ ಸ್ವಲ್ಪ ಅಗ್ಗ, ಆದರೆ ವಾರಂಟಿಗೆ ಕಂಪನಿ ಬದಲು ಅಂಗಡಿಯವರನ್ನೇ ನಂಬಬೇಕು. ಡಬ್ಬಿಯದ್ದಕ್ಕೆ ಮೂರು ವರ್ಷ ಕಂಪನಿಯದೇ ಇರುತ್ತದೆ. ಜಿಎಸ್‌ಟಿ ಬಿಲ್ ಬೇಡ ಅಂದರೆ 18 ಪರ್ಸೆಂಟ್ ಬಿಡುತ್ತೇವೆ ಅನ್ನುವ ಆಸೆಗೆ ಬೀಳಬೇಡಿ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಇರಲಿ.

ಮನೆಗೆ ತಂದ ರಾತ್ರಿ ಮಾಡುವ ಕೆಲಸ

ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಕೆಲವು ಬೋರ್ಡ್‌ಗಳು ಒಳ ಗ್ರಾಫಿಕ್ಸ್ ಆಫ್ ಮಾಡಿಬಿಡುತ್ತವೆ. ಆಗ ಎಫ್ ಇಲ್ಲದ ಪ್ರೊಸೆಸರ್ ತಂದೂ ಎಫ್ ತಂದಂತೆಯೇ. ಬಯೋಸ್‌ಗೆ ಹೋಗಿ ಐಜಿಪಿಯು ಮಲ್ಟಿ-ಮಾನಿಟರ್ ಅನ್ನುವುದನ್ನು ಎನೇಬಲ್ ಮಾಡಿ. ವಿಂಡೋಸ್‌ನಲ್ಲಿ ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಬೇರೆಯಾಗಿ ಹಾಕಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು 0, ಜಿಪಿಯು 1 ಎರಡೂ ಕಾಣಬೇಕು. ಪ್ರೀಮಿಯರ್‌ನ ಪ್ರಿಫರೆನ್ಸಸ್‌ನಲ್ಲಿ ಮೀಡಿಯಾಗೆ ಹೋಗಿ, ಹಾರ್ಡ್‌ವೇರ್ ಡಿಕೋಡಿಂಗ್ ಎದುರು ಇಂಟೆಲ್‌ಗೆ ಟಿಕ್ ಇದೆಯಾ ನೋಡಿ, ಸಾಫ್ಟ್‌ವೇರ್ ಮುಚ್ಚಿ ಮತ್ತೆ ತೆರೆಯಿರಿ.

ಆಮೇಲೆ ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಸಿನೆಬೆಂಚ್ ಹತ್ತು ನಿಮಿಷ ಓಡಿಸಿ, ಪಕ್ಕದಲ್ಲಿ ಎಚ್‌ಡಬ್ಲ್ಯುಇನ್ಫೊ ತೆರೆದು ಬಿಸಿ ನೋಡಿ. ರಾತ್ರಿ ತಂಪಿನಲ್ಲೇ 95 ದಾಟಿದರೆ ಕೂಲರ್ ಸರಿಯಾಗಿ ಕೂತಿರಲಿಕ್ಕಿಲ್ಲ, ಮರುದಿನವೇ ಅಂಗಡಿಗೆ ಒಯ್ಯಿರಿ. ಎಎಂಡಿ 7000 ಸರಣಿಯ ದೊಡ್ಡವು ಮಾತ್ರ 95ರವರೆಗೆ ತಾವಾಗೇ ಹೋಗುತ್ತವೆ, ಅವುಗಳ ರೂಢಿಯೇ ಹಾಗೆ, ಗಾಬರಿ ಬೇಡ.

ಇಷ್ಟಾದರೂ ಹಳೇ ಸಿಸ್ಟಂನಲ್ಲೇ ಈ ಸೀಸನ್ ದಾಟಿಸಬೇಕು ಅನ್ನುವವರಿಗೆ ಪ್ರಾಕ್ಸಿ, ಅಂದರೆ ಫೂಟೇಜ್‌ನ ಹಗುರ ನಕಲು ಇದೆ. ಫೂಟೇಜ್ ಬಂದ ರಾತ್ರಿ ಸಣ್ಣ ಸೈಜಿನ ಪ್ರಾಕ್ಸಿ ಮಾಡಲು ಹಚ್ಚಿ ಮಲಗಿ, ಬೆಳಗ್ಗೆ ಅದರ ಮೇಲೆ ಕಟ್ ಮಾಡಿ, ಎಕ್ಸ್‌ಪೋರ್ಟ್ ಹೊತ್ತಿಗೆ ಮೂಲ ಫೈಲ್ ತಾನೇ ಬರುತ್ತದೆ. ನಾನು ಆ 12400ಎಫ್‌ನಲ್ಲಿ ಎರಡು ಸೀಸನ್ ಹೀಗೇ ತಳ್ಳಿದೆ. ಈಗ ಅದು ಆಲ್ಬಂ ಮಾಡುವ ತಮ್ಮನ ಮೇಜಿನ ಮೇಲಿದೆ. ಅವನಿಗೆ 4:2:2 ಗೊಡವೆಯೇ ಇಲ್ಲ, ಒಂದು ದಿನವೂ ಸಿಸ್ಟಂ ಬಗ್ಗೆ ಗೊಣಗಿಲ್ಲ.